ಪಕಾರದ ಅಡಿಯ ಗೆರೆ

ಎಸ್ಟೇಟಿನ ಲೆಕ್ಕ ಬರೆಯುವ ಹೆಡ್ ರೈಟರ್ ಬೊಳ್ಳಪ್ಪನವರು ಆಫೀಸಿನ ಹೊಸ್ತಿಲಿಗೆ ಅಡ್ಡವಾಗಿ ಬಿದ್ದಿದ್ದರು. ತಲೆ ಹೊರಗೆ, ಕಾಲು ಒಳಗೆ.

ಬೆಳಗಿನ ಹತ್ತೂವರೆ ಗಂಟೆ. ಸುಂಟಿಕೊಪ್ಪದಿಂದ ಮೂರು ಮೈಲಿ ಒಳಗಿರುವ ಕರಡಿಗುಂಡಿ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಕೊಯ್ಲು ನಡೆದಿತ್ತು. ಆಳುಗಳೆಲ್ಲ ಮೇಲಿನ ತೋಟದಲ್ಲಿದ್ದರು. ಕಣ ಗುಡಿಸುತ್ತಿದ್ದ ನಿಂಗಮ್ಮ ದೊಪ್ಪೆಂಬ ಸದ್ದು ಕೇಳಿ ಓಡಿಬಂದಳು. ಬೊಳ್ಳಪ್ಪನವರ ಕಣ್ಣು ತೆರೆದೇ ಇತ್ತು. ತುಟಿಗಳು ನೇರಳೆಗಟ್ಟಿದ್ದವು. ಒಂದು ಕೈ ಗಂಟಲನ್ನು ಬಿಗಿಹಿಡಿದಿತ್ತು. ಅವಳ ಮುಖ ನೋಡಿ ಎರಡು ಮಾತನ್ನಾಡಿದರು. ಅವಳು ನೀರು ತರುವಷ್ಟರಲ್ಲಿ ಪ್ರಾಣ ಹೋಗಿತ್ತು.

ಆ ಎರಡು ಮಾತು ಸಂಜೆಯೊಳಗೆ ಆಳುಗಳ ಲೈನುಮನೆಗಳನ್ನೆಲ್ಲ ಸುತ್ತಿಬಂದು, ಬಂಗಲೆಯ ಅಡುಗೆಯವಳಾದ ಮುತ್ತಿಯ ಕೊರಳಿಗೆ ಉರುಳಾಗಿ ಬಿದ್ದಿತು.

ಮರುದಿನ ಮುಂಜಾನೆ ಮಡಿಕೇರಿಯಿಂದ ಇನ್‌ಸ್ಪೆಕ್ಟರ್ ಮಾಯಿಲಪ್ಪನವರು ಬಂದರು. ಅವರು ಬಾಲ್ಯದಲ್ಲಿ ಅಜ್ಜನ ಮುಂದೆ ಕುಳಿತು, ಒಂದು ಮಾತ್ರೆ ತಪ್ಪಿದರೂ ಪದ್ಯವನ್ನು ಮೊದಲಿನಿಂದ ಒಪ್ಪಿಸಬೇಕಾದ ಶಿಸ್ತಿನಲ್ಲಿ ಬೆಳೆದವರು. ಕಳ್ಳರ ಹೆಜ್ಜೆಗಿಂತ ಅವರು ಮಾತಾಡುವ ಧಾಟಿಯನ್ನು ಹೆಚ್ಚು ನಂಬುವವರೆಂದು ಇಲಾಖೆಯಲ್ಲಿ ಅವರಿಗೆ ಹೆಸರಿತ್ತು.

ದಫೇದಾರ ಸಣ್ಣಸ್ವಾಮಿ ಗೇಟಿನ ಬಳಿಯೇ ಸೆಲ್ಯೂಟ್ ಹೊಡೆದ.

"ಕೇಸು ಪಸ್ಟ್ ಕ್ಲಾಸು ಸಾರ್! ಆಸಾಮಿ ಕೈಯಲ್ಲೇ ಐತೆ. ಎರಡು ಗಂಟೆ ಬಸ್ಸಿಗೆ ಮಡಿಕೇರಿ ಜೈಲಿಗೆ ಕಳಿಸಿಬಿಡ್ತೀನಿ."

"ವಿಷ?"

"ಗಿಡದ ಹುಳಕ್ಕೆ ಹೊಡೆಯೋ ಮದ್ದು ಅಂದ್ರು ಡಾಕ್ಟ್ರು. ಸ್ಟೋರಲ್ಲಿ ಡಬ್ಬ ಬಾಯಿ ತೆರಕೊಂಡೇ ಬಿದ್ದಿರ್ತದೆ, ಯಾರು ಬೇಕಾದ್ರೂ ತಗೋಬೋದು. ಹತ್ತು ಗಂಟೆಗೆ ಮುತ್ತಿ ಆಪೀಸಿಗೆ ಕಾಪಿ ಕೊಟ್ಟವಳೆ. ಹತ್ತೂವರೆಗೆ ಇವರು ಸತ್ತವರೆ. ನಾನು ಬರೋದರೊಳಗೆ ಕಪ್ಪು ತೊಳೆದಿಟ್ಟವಳೆ! ಇನ್ನೇನು ಬೇಕು ಸಾರ್?"

"ತುಟಿ ನೇರಳೆಯಾಗಿತ್ತಂತೆ?"

"ನಾಲಿಗೆನೂ ಹಂಗೇ ಇತ್ತು. ವಿಷ ಅಲ್ವಾ ಸಾರ್."

ಮಾಯಿಲಪ್ಪನವರು ನಿಂಗಮ್ಮನ ಹೇಳಿಕೆಯ ಕಾಗದವನ್ನು ಬಿಸಿಲಿಗೆ ಹಿಡಿದು ಓದಿದರು. ಕೊನೆಯ ಸಾಲು ಹೀಗಿತ್ತು: "ಬೊಳ್ಳಪ್ಪನವರು 'ಕಾಫಿ, ಕಾಫಿ' ಎಂದು ಎರಡು ಸಲವೂ, 'ಆಪೀಸು' ಎಂದು ಒಂದು ಸಲವೂ ನುಡಿದು ಪ್ರಾಣಬಿಟ್ಟರು." ಅದರ ಕೆಳಗೆ ಹೆಬ್ಬೆಟ್ಟಿನ ಗುರುತು. ಅವರ ಬೆರಳು ಒಂದು ಅಕ್ಷರದ ಮೇಲೆ ನಿಂತಿತು. ಮತ್ತೆ ಓದಿದರು.

"ಬರೆದವರು ಯಾರು?"

"ಇಲ್ಲಿಯ ಸಣ್ಣ ರೈಟರ್ ದೇವರಾಜು ಸಾರ್. ನಾನು ಬರೆದದ್ದು ನಂಗೇ ಓದಕ್ಕಾಗಲ್ಲ ಅಂತ ನಿಮಗೇ ಗೊತ್ತಲ್ಲ! ಪಾಪ, ತಾನೇ ಬರಕೊಡ್ತೀನಿ ಅಂದ."

"ಹೂಂ," ಎಂದಷ್ಟೇ ನುಡಿದು ಅವರು ಕಾಗದವನ್ನು ಮಡಚಿ ಕಿಸೆಗೆ ಹಾಕಿದರು.

ಮುತ್ತಿಯನ್ನು ಗೋಣಿಚೀಲದ ಕೋಣೆಯಲ್ಲಿ ಕೂಡಿಹಾಕಿದ್ದರು. ಬಾಗಿಲು ತೆರೆದಾಗ ಅವಳು ಮೇಲೇಳಲಿಲ್ಲ.

"ಬೊಳ್ಳಪ್ಪನವರಿಗೂ ನಿನಗೂ ಜಗಳವಿತ್ತೇ?"

"ಜಗಳ ಇಲ್ಲೆ ಸಾಮಿ. ನಾನ್ ಇಪ್ಪತ್ತು ವರ್ಷ ಕಾಪಿ ಕಾಸಿದವಳು. ಅವ್ರಿಗೆ ಕಾಪಿ ರುಚಿ ಬೇಡ, ಮಾತು ಬೇಕು. 'ಕಾಪಿ ಅಲ್ಲ, ಕಾಫಿ ಅನ್ನು' ಅಂತಾರೆ. ನಂಗೆ ಬರಲ್ಲ. ಮೊನ್ನೆ ಎಲ್ಲಾರ್ ಮುಂದೆ ಕಪ್ಪು ಎಸೆದ್ರು."

"ಆಗ ನೀನು ಎಂತ ಹೇಳಿದೆ?"

ಮುತ್ತಿ ತಲೆ ತಗ್ಗಿಸಿದಳು. "ಒಂದ್ ದಿನ ಈ ಕಾಪಿಯೇ ನಿಮ್ಗೆ ಯಮ ಆಗುತ್ತೆ ಅಂದೆ."

ಬಾಗಿಲಲ್ಲಿ ನಿಂತಿದ್ದ ಸಣ್ಣಸ್ವಾಮಿ ಗೆದ್ದವನಂತೆ ಗಂಟಲು ಸರಿಪಡಿಸಿಕೊಂಡ.

"ವಿಷ ನನ್ ಬಾಯಲ್ಲಿತ್ತು ಸಾಮಿ, ಕಪ್ಪಲ್ಲಿ ಇರ್ಲಿಲ್ಲ," ಎಂದಳು ಮುತ್ತಿ. ಅವಳ ಕಣ್ಣು ಒಣಗಿತ್ತು. "ಕಪ್ಪು ದಿನಾ ತೊಳೀತೀನಿ, ನೆನ್ನೆನೂ ತೊಳ್ದೆ. ನನ್ನ ತೂಕ್ಕು... ನೇಣಿಗೆ ಹಾಕ್ತಾರಾ? ಮಗಳಿಗೆ ಈ ತಿಂಗಳು ಹೆರಿಗೆ. ಲೈನಲ್ಲಿ ಒಬ್ಬಳೇ ಇದ್ದಾಳೆ."

ಮಾಯಿಲಪ್ಪನವರು ಗಡಿಯಾರ ನೋಡಿಕೊಂಡು ಕಣದ ಕಡೆ ನಡೆದರು. ಗಂಟೆ ಹನ್ನೊಂದಾಗಿತ್ತು.

ಕಣದಂಚಿನಲ್ಲಿ ಹಣ್ಣಿನ ಸಿಪ್ಪೆ ಹುಳಿತು ನಾರುತ್ತಿತ್ತು. ನಿಂಗಮ್ಮ ಪೊರಕೆಯನ್ನು ಹಿಂದೆ ಬಚ್ಚಿಟ್ಟುಕೊಂಡು ನಿಂತಳು.

"ಹೆದರಬೇಡಮ್ಮ. ಅವರು ಕೊನೆಗೆ ಏನೆಂದರು?"

"ಅದೇ ಬುದ್ಧಿ. ಕಾಪಿ, ಕಾಪಿ ಅಂದ್ರು. ಆಮೇಲೆ ಆಪೀಸು ಅಂದ್ರು."

"ಅವರು ದಿನಾ ಕಾಫಿ ಕೇಳುತ್ತಿದ್ದದ್ದು ಹೇಗೆ? ಅವರ ಹಾಗೆಯೇ ಆಡಿ ತೋರಿಸು, ನೋಡುವ."

ನಿಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ಸತ್ತೋರನ್ನ ಅಣಕಿಸದಾ?"

"ಒಂದು ಜೀವ ಉಳಿಯುವುದಾದರೆ ಅಣಕಿಸಿದರೂ ಪಾಪವಿಲ್ಲ."

ಅವಳು ಅತ್ತಿತ್ತ ನೋಡಿದಳು. ಎದೆ ಸೆಟೆಸಿ, ಮೇಲಿನ ಹಲ್ಲನ್ನು ಕೆಳದುಟಿಯ ಮೇಲಿಟ್ಟು, ಗಾಳಿಯನ್ನು ಊದಿ ಬಿಟ್ಟಳು: "ಕಾಫ್ಫಿ!" ಸತ್ತವರೇ ಎದ್ದುಬಂದಂತಾಗಿ ಸಣ್ಣಸ್ವಾಮಿ ಬೆಚ್ಚಿದ.

"ಹಿಂಗೆ ಬುದ್ಧಿ. ಲೈನಲ್ಲಿ ಮಕ್ಳೆಲ್ಲಾ ಹಿಂಗೇ ಆಡ್ಕೋತಾವೆ. ಮಡಿಕೇರೀಲಿ ಬಿಳೀ ದೊರೆ ಮೇಷ್ಟ್ರ ಹತ್ರ ಓದಿದ್ರಂತೆ. ನಮ್ ಬಾಯಿ ಹೊಲಸು ಅನ್ನೋರು."

"ಸಾಯುವಾಗ?"

"ಸಾಯೋವಾಗ ನಮ್ಮಂಗೇ ಅಂದ್ರು, ಕಾಪಿ ಅಂತ. ತುಟಿ ಎರಡೂ ಮುಚ್ಕೊಂಡು. ಸಾಯೋ ಹೊತ್ನಲ್ಲಿ ಎಲ್ಲಾರ ನಾಲಿಗೆನೂ ಒಂದೇ ಆಗೋಯ್ತದೆ ಅಂದ್ಕಂಡೆ."

ಮಾಯಿಲಪ್ಪನವರ ದನಿ ತಗ್ಗಿತು. "ಅದಾದ ಮೇಲೆ ಆಫೀಸು ಎಂದರಲ್ಲ, ಅದನ್ನು ಹೇಗೆ ಅಂದರು? ನೆನಪು ಮಾಡಿಕೊಂಡು ಹೇಳು."

ನಿಂಗಮ್ಮ ಕಣ್ಣು ಮುಚ್ಚಿದಳು. ಹಲ್ಲು ತುಟಿಯನ್ನು ಮುಟ್ಟಿತು. "ಆಫ್ಫೀಸು." ಕಣ್ಣು ತೆರೆದು ತಾನೇ ಬೆರಗಾದಳು. "ಹೌದಲ್ವಾ? ಅದನ್ನ ಅವರಂಗೇ ಅಂದ್ರು!"

"ಎರಡೂ ಒಂದೇ ಅಲ್ವಾ ಸಾರ್?" ಎಂದ ಸಣ್ಣಸ್ವಾಮಿ.

"ನಿಮಗೆ ಒಂದೇ. ಅವರಿಗಲ್ಲ."

ನಿಂಗಮ್ಮನ ನಾಲಿಗೆ ಈಗ ಸಡಿಲಗೊಂಡಿತ್ತು. "ನೆನ್ನೆಯಿಂದ ಯಾರೂ ಆ ಅಡುಗೆಮನೆ ಕಾಪಿ ಮುಟ್ಟಿಲ್ಲ ಬುದ್ಧಿ. ದೇವರಾಜಪ್ಪ ಒಬ್ರೇ, ಅದೇ ಡಬ್ಬಿ ಪುಡೀಲಿ ನನ್ ಕೈಲಿ ಕಾಸಿಸ್ಕೊಂಡು ಕುಡುದ್ರು. ಗಟ್ಟಿ ಗುಂಡಿಗೆ! ಪಾಪ, ಮೊದ್ಲೇ ನೊಂದಿರೋ ಪ್ರಾಣಿ. ಕುಶಾಲನಗರದಿಂದ ಹೆಣ್ಣಿನ ಕಡೆಯೋರು ಬಂದಿದ್ದಾಗ ಬೊಳ್ಳಪ್ಪೋರು ಏನೋ ಇಂಗ್ಲೀಷು ಹೇಳ್ಸಿ ಹೇಳ್ಸಿ ನಗಾಡಿದ್ರಂತೆ. ಆ ಸಂಬಂದಾನೇ ಮುರುದೋಯ್ತು."

ಆಫೀಸಿನ ಬೀಗವನ್ನು ಸಣ್ಣಸ್ವಾಮಿ ತೆಗೆದ. ನಿನ್ನೆ ದೇಹವನ್ನು ಸಾಗಿಸಿದ ಕೂಡಲೇ ಬೀಗ ಹಾಕಿದವನು ದೇವರಾಜುವೇ ಎಂದೂ, ಬೀಗದ ಕೈಯನ್ನು ಇಂದು ಬೆಳಿಗ್ಗೆ ಅವನಿಂದಲೇ ಪಡೆದದ್ದೆಂದೂ ಹೇಳಿದ.

ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದಿತ್ತು. ಹಾಳೆಯಡಿಯಲ್ಲಿ ಕಾರ್ಬನ್ ಕಾಗದ. ಆಳುಗಳ ಹೆಸರುಗಳು ನೇರಳೆ ಬಣ್ಣದಲ್ಲಿದ್ದವು. ಮೂರು ಹೆಸರು ಗಾಢ, ನಾಲ್ಕನೆಯದು ಮಸುಕು, ಐದನೆಯದು ಮತ್ತೆ ಗಾಢ. ಹದಿನೇಳನೆಯ ಹೆಸರು ಮೊದಲ ಅಕ್ಷರಕ್ಕೇ ನಿಂತಿತ್ತು. ಆ ಅಕ್ಷರ ಎಲ್ಲಕ್ಕಿಂತಲೂ ಗಾಢವಾಗಿತ್ತು. ಪಕ್ಕದಲ್ಲಿ ಪೆನ್ಸಿಲೊಂದು ಬಿದ್ದಿತ್ತು. ಹೊಸದು. ಇಡೀ ಗೇಣುದ್ದ. ತುದಿ ಬೂದಿಯ ಬಣ್ಣದ್ದು, ಒಮ್ಮೆಯೂ ಒದ್ದೆಯಾಗದ್ದು.

ಮಾಯಿಲಪ್ಪನವರು ಅದನ್ನು ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದರು. ಅನಂತರ ಕಣ್ಣು ಮುಚ್ಚಿ, ಇಷ್ಟದೇವತೆಯ ಹೆಸರನ್ನು ಮೆಲ್ಲನೆ ಉಚ್ಚರಿಸಿದರು. ಹಾವು ಎಲ್ಲಿದೆಯೆಂದು ತಿಳಿದಾಗ ಮನುಷ್ಯನು ದೇವರನ್ನು ನೆನೆಯುವ ರೀತಿ ಅದು.

ಒಂದೂವರೆ ಗಂಟೆಗೆ ಜಗಲಿಯಲ್ಲಿ ಐವರು ಸೇರಿದರು, ನಿಂಗಮ್ಮನೂ ಇದ್ದಳು. ಮುತ್ತಿಯನ್ನು ಕಂಬದ ಬುಡದಲ್ಲಿ ಕೂರಿಸಲಾಗಿತ್ತು. ದೇವರಾಜು ಕೈಕಟ್ಟಿ ನಿಂತಿದ್ದ. ಇಪ್ಪತ್ತೆಂಟರ ಪ್ರಾಯ, ಬಾಚಿದ ತಲೆ, ಒಗೆದ ಅಂಗಿ.

"ಹೇಳಿಕೆಯನ್ನು ಅಚ್ಚುಕಟ್ಟಾಗಿ ಬರೆದಿದ್ದೀರಿ," ಎಂದರು ಮಾಯಿಲಪ್ಪನವರು. "ಬರೆದವರ ಸಹಿ ಮಾತ್ರ ಬಿಟ್ಟುಹೋಗಿದೆ. ಹಾಕಿಬಿಡಿ."

ಕಿಸೆಯಿಂದ ಒಂದು ಮೋಟು ಪೆನ್ಸಿಲನ್ನು ತೆಗೆದು ಮುಂದಿಟ್ಟರು. ಹಿಂತುದಿಯಲ್ಲಿ ಹಲ್ಲಿನ ಗುರುತು, ಮುಂತುದಿಯಲ್ಲಿ ನೇರಳೆಯ ಕಲೆ.

"ಸಿಪ್ಪೆಯ ಗುಂಡಿಯ ಬಳಿ ಸಿಕ್ಕಿತು. ತುದಿ ಒಣಗಿದೆ, ಸ್ವಲ್ಪ ನಾಲಿಗೆಗೆ ತಾಗಿಸಿ ಬರೆಯಿರಿ."

ದೇವರಾಜುವಿನ ಕೈ ಚಾಚಿತು. ನಡುದಾರಿಯಲ್ಲಿ ನಿಂತಿತು.

"ಮಸಿ ಪೆನ್ನಲ್ಲಿ ಹಾಕ್ತೀನಿ ಸಾರ್."

"ಇದರಲ್ಲೇ ಹಾಕಿ."

"ನಂಗೆ... ನಾಲಿಗೆಗೆ ತಾಗಿಸೋ ಅಭ್ಯಾಸ ಇಲ್ಲ ಸಾರ್."

"ಯಾಕ್ರಪ್ಪಾ ಸುಳ್ಳು?" ಎಂದಳು ನಿಂಗಮ್ಮ, ಮಾತಿನ ಭಾರ ತಿಳಿಯದೆ. "ದಿನಾ ನೇರಳೆ ಹಣ್ಣು ತಿಂದೋರಂಗೆ ಇರ್ತಿತ್ತಲ್ಲ ನಿಮ್ ನಾಲಿಗೆ! ಬೊಳ್ಳಪ್ಪೋರ್ದೂ ಅಂಗೇ."

ಕೆಳಗಿನ ರಸ್ತೆಯಲ್ಲಿ ಎಲ್ಲಿಯೋ ಬಸ್ಸಿನ ಹಾರನ್ನು ಕೇಳಿಸಿತು.

ಮಾಯಿಲಪ್ಪನವರು ಪೆನ್ಸಿಲನ್ನು ಎತ್ತಿಕೊಂಡು, ತುದಿಯನ್ನು ತಮ್ಮ ನಾಲಿಗೆಗೆ ತಾಗಿಸಿದರು. ಸಣ್ಣಸ್ವಾಮಿ "ಸಾರ್!" ಎಂದು ಚೀರಿದ. ಅವರು ನೇರಳೆಯಾದ ನಾಲಿಗೆಯನ್ನು ತೋರಿಸಿದರು.

"ಹೆದರಬೇಡಿ. ಇದು ನನ್ನದೇ ಪೆನ್ಸಿಲು. ಗುಂಡಿಯ ಮಾತು ನಾನು ಕಟ್ಟಿದ್ದು. ಆ ಸುಳ್ಳನ್ನು ದೇವರು ಕ್ಷಮಿಸಲಿ. ದೇವರಾಜು, ಈ ಎಸ್ಟೇಟಿನವರೆಲ್ಲ ಕಾಫಿಗೆ ಹೆದರಿದರು. ನೀವೊಬ್ಬರೇ ಅದೇ ಪುಡಿಯ ಕಾಫಿಯನ್ನು ನಿಶ್ಚಿಂತೆಯಿಂದ ಕುಡಿದಿರಿ. ಪೆನ್ಸಿಲಿಗೆ ಯಾರೂ ಹೆದರಲಿಲ್ಲ. ನೀವೊಬ್ಬರೇ ಹೆದರಿದಿರಿ. ಅದರ ಮಾತನ್ನು ನಾನು ಈ ಕ್ಷಣದವರೆಗೆ ಯಾರಲ್ಲಿಯೂ ಆಡಿರಲಿಲ್ಲ."

ದೇವರಾಜು ಕಂಬಕ್ಕೆ ಒರಗಿದ.

"ನಂಗೆ ಒಂದೂ ತಿಳೀಲಿಲ್ಲ ಸಾರ್," ಎಂದ ಸಣ್ಣಸ್ವಾಮಿ. "ಅವರು ಕಾಪಿ ಅಂದಿದ್ದು?"

"ಕಾಪಿಯೇ ಅಂದಿದ್ದು. ನಾಲಿಗೆಯಲ್ಲಿ ಒದ್ದೆ ಮಾಡಿದರೆ ನೇರಳೆಯಾಗಿ ಬರೆಯುವ, ನಕಲು ತೆಗೆಯುವ ಈ ಪೆನ್ಸಿಲಿಗೆ ನೀವೆಲ್ಲ ಏನನ್ನುತ್ತೀರಿ?"

ಸಣ್ಣಸ್ವಾಮಿಯ ಬಾಯಿ ತೆರೆಯಿತು. "ಕಾಪಿ ಪೆನ್ಸಿಲು!"

"ಬೊಳ್ಳಪ್ಪನವರಿಗೆ ಪಾನೀಯ 'ಕಾಫಿ', ನಕಲು 'ಕಾಪಿ'. ಮೊದಲನೆಯದಕ್ಕೆ ಹಲ್ಲು ತುಟಿಯನ್ನು ಮುಟ್ಟಬೇಕು, ಎರಡನೆಯದಕ್ಕೆ ತುಟಿಗೆ ತುಟಿ ಸೇರಬೇಕು. ಸಾಯುವಾಗ ನಾಲಿಗೆ ತೊದಲಿತೆನ್ನೋಣವೇ? ಹಾಗಿದ್ದರೆ ಅದಕ್ಕೂ ಆಮೇಲೆ ಬಂದ 'ಆಫೀಸು' ಸರಿಯಾಗಿ ಬರುತ್ತಿರಲಿಲ್ಲ. ಕೊನೆಯ ಉಸಿರಿನಲ್ಲಿಯೂ ಅವರ ಉಚ್ಚಾರ ಕೆಟ್ಟಿರಲಿಲ್ಲ. ಅವರು ಹೇಳಿದ್ದು ಇಷ್ಟೇ: ಕಾಪಿ ಪೆನ್ಸಿಲು, ಆಫೀಸಿನಲ್ಲಿದೆ. ತುದಿಗೆ ಮದ್ದು ಸವರಿದವನು ಅವರ ಅಭ್ಯಾಸವನ್ನು ಬಲ್ಲವನು. ಬೀಗ ಹಾಕುವ ನೆಪದಲ್ಲಿ ಹಳೆಯದನ್ನು ತೆಗೆದು ಹೊಸದನ್ನಿಟ್ಟವನು."

ಅವರು ಹೇಳಿಕೆಯನ್ನು ಬಿಚ್ಚಿದರು.

"ಆದರೆ ನಿಮ್ಮನ್ನು ತೋರಿಸಿಕೊಟ್ಟದ್ದು ಇದು. ನಿಂಗಮ್ಮ ಎರಡು ಮಾತನ್ನೂ ಪಕಾರದಲ್ಲೇ ಹೇಳಿದಳು. ನೀವೂ ಹಾಗೆಯೇ ಆಡುವವರು. 'ಆಪೀಸು' ಎಂಬುದನ್ನು ಕೇಳಿದಂತೆಯೇ ಬರೆದಿರಿ. 'ಕಾಪಿ'ಯ ಹತ್ತಿರ ಮಾತ್ರ ಕೈ ಎಚ್ಚರವಾಯಿತು. ಓದುವವನಿಗೆ ಪೆನ್ಸಿಲು ಎಲ್ಲಿ ನೆನಪಾಗುವುದೋ ಎಂದು ಎರಡು ಕಡೆಯೂ ಪಕಾರದ ಅಡಿಯಲ್ಲಿ ಗೆರೆ ಎಳೆದು ಫಕಾರ ಮಾಡಿದಿರಿ. ಸ್ವರ ತಪ್ಪಿದ ಮಂತ್ರ ಯಜಮಾನನನ್ನೇ ಕೊಲ್ಲುತ್ತದೆ ಎಂದು ಹಿರಿಯರು ಹೇಳುತ್ತಾರೆ. ಇಲ್ಲಿ ಆದದ್ದು ತಿರುಗಾಮುರುಗಾ, ಸರಿಯಾದ ಅಕ್ಷರವೇ ಬರೆದವನನ್ನು ಹಿಡಿಸಿತು. ಆ 'ಕಾಪಿ' ಪೆನ್ಸಿಲೆಂದು ನಿನ್ನೆ ತಿಳಿದಿದ್ದವರು ಇಬ್ಬರೇ, ಒಬ್ಬರು ಸತ್ತವರು. ಇನ್ನೊಬ್ಬರು ನೀವು."

ದೇವರಾಜುವಿನ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಹೆಣ್ಣಿನ ಅಪ್ಪನ ಎದುರು ಹನ್ನೊಂದು ಸಲ ಹೇಳ್ಸಿದ್ರು ಸಾರ್. 'ಪ್ಯಾಮಿಲಿ ಅನ್ನಯ್ಯಾ. ಪ್ಯಾಮಿಲಿ ಇಲ್ಲದೋನಿಗೆ ಪ್ಯಾಮಿಲಿ ಹೆಂಗೆ ಬರ್ತದೆ' ಅಂದ್ರು. ಆ ಹುಡುಗೀನೂ ನಕ್ಕಳು. ಮೂರು ವರ್ಷ ಕನ್ನಡಿ ಮುಂದೆ ನಿಂತು ಕಲ್ತೆ, ಇವತ್ತಿಗೂ ಬಾಯಲ್ಲಿ ಬರಲಿಲ್ಲ." ಅವನು ಕಾಗದದತ್ತ ಕೈತೋರಿಸಿದ. "ಒಂದೇ ಒಂದು ದಿನ ಸರಿಯಾಗಿ ಬರೆದೆ."

ಸಣ್ಣಸ್ವಾಮಿ ಬೇಡಿ ತೊಡಿಸಿದ. ಎರಡು ಗಂಟೆಯ ಬಸ್ಸಿಗೆ ಒಬ್ಬ ಕೈದಿ ಹೋಗಲೇಬೇಕಿತ್ತು. ಹೋದವನು ಬೇರೆಯವನು.

ಮುತ್ತಿ ಮೊದಲು ಲೈನಿಗೆ ಓಡಿ ಮಗಳ ಮುಖ ನೋಡಿಬಂದಳು. ಆಮೇಲೆ ಒಲೆ ಹೊತ್ತಿಸಿದಳು. ಸ್ವಲ್ಪ ಹೊತ್ತಿನಲ್ಲಿ ಒಂದು ಲೋಟವನ್ನು ತಂದು ಮಾಯಿಲಪ್ಪನವರ ಮುಂದಿಟ್ಟಳು. ಹಬೆ ಏಳುತ್ತಿತ್ತು.

"ಸಾಮಿ..." ಎಂದಳು. ಮುಂದಿನ ಮಾತಿಗೆ ಅವಳ ತುಟಿಗಳು ತೆರೆದವು. ಕೂಡಲಿಲ್ಲ. ಇಪ್ಪತ್ತು ವರ್ಷ ದಿನವೂ ಆಡಿದ 'ಕಾಪಿ' ಎಂಬ ಮಾತನ್ನು ಬಿಟ್ಟು, ಲೋಟವನ್ನು ಅವರತ್ತ ಸರಿಸಿದಳು.

ಮಾಯಿಲಪ್ಪನವರು ಲೋಟವನ್ನೆತ್ತಿ, ತಳ ಕಾಣುವವರೆಗೆ ಕುಡಿದರು.