ಪರದೆಯ ಕೆಳಗೆ ತೆರೆದ ಬಾಕ್ಸ್

"ಮ್ಯಾಕ್ರೋ ಸಾಹೇಬ್ರೇ, ನಿಮ್ಮ ಬಾಕ್ಸ್ ನನ್ನ ಮೇಲೆ ಮುನಿಸಿಕೊಂಡಿದೆ. ನಾನಿಲ್ಲಿ ಕ್ಲಿಕ್ ಮಾಡಿದ್ರೆ ಅದು ಎಲ್ಲೋ ಹೋಗಿ ಕೂರುತ್ತೆ."

ಆಸ್ಪತ್ರೆಯ ನರ್ಸುಗಳ ಡ್ಯೂಟಿ ಪಟ್ಟಿ ನೋಡಿಕೊಳ್ಳುತ್ತಿದ್ದ ಅವಳು ಅವನಿಗೆ ಆಡಿದ ಮೊದಲ ಮಾತು ಅದು. ಕಂಪ್ಯೂಟರಿನ ಆ ಶೀಟಿನಲ್ಲಿ ಯಾರ ಹೆಸರಿನ ಚೌಕ, ಅಂದರೆ ಸೆಲ್, ಒತ್ತಿದರೂ ಅದರ ಪಕ್ಕದಲ್ಲೇ ಶಿಫ್ಟ್ ಆರಿಸುವ ಪುಟ್ಟ ಬಾಕ್ಸ್ ತೆರೆಯಬೇಕು. ಹಾಗೆ ತೆರೆಸುವ ಪುಟ್ಟ ಪ್ರೋಗ್ರಾಮ್, ಆ ಮ್ಯಾಕ್ರೋ, ಬರೆದವನು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಅವನು. ಬಂದು ನೋಡಿದರೆ ಅವಳ ಪರದೆಯ ತುಂಬ ದಪ್ಪದಪ್ಪ ಅಕ್ಷರಗಳು.

"ಇಷ್ಟು ಝೂಮ್ ಯಾಕೆ?"

"ಕಣ್ಣು ಮಂಜು. ನಿಮ್ಮ ಮುಖಾನೂ ಹೀಗೇ ಝೂಮ್ ಮಾಡೋ ಹಾಗಿದ್ರೆ ಚೆನ್ನಾಗಿತ್ತು," ಎಂದು ಕನ್ನಡಕದ ಮೇಲಿಂದ ನೋಡಿದಳು.

ಅಲ್ಲಿಗೆ ಅವನ ಕಥೆ ಮುಗಿಯಿತು. ಕುರ್ಚಿ ಎಳೆದುಕೊಂಡು ಕೂತು ವಿವರಿಸಿದ. ಸೆಲ್ ಎಲ್ಲಿದೆಯೆಂದು ಶೀಟ್ ತನ್ನ ಮೂಲೆಯಿಂದ ಅಳೆದು ಹೇಳುತ್ತದೆ, ಪರದೆಗೆ ಬೇಕಾದದ್ದು ಪಿಕ್ಸೆಲ್ ಎಂಬ ಚುಕ್ಕೆಗಳ ಲೆಕ್ಕ. ನಡುವೆ ಸ್ಕ್ರೋಲ್ ಮಾಡಿದ್ದನ್ನು ಕಳೆಯಬೇಕು, ಝೂಮಿನಿಂದ ಗುಣಿಸಬೇಕು.

"ಒಂದು ಸೆಲ್ ಪಕ್ಕ ಕೂರೋಕೆ ಇಷ್ಟು ಒದ್ದಾಟಾನಾ?"

"ಪಕ್ಕ ಕೂರೋದು ಸುಲಭ ಅಲ್ಲ ಮೇಡಂ."

ಅವಳು ನಕ್ಕಳು. ಆಮೇಲೆ ಆ ಶೀಟಿಗೆ ದಿನಕ್ಕೊಂದು ಕಾಯಿಲೆ ಬರತೊಡಗಿತು. ಅರ್ಧಕ್ಕರ್ಧ ಸುಳ್ಳು ಕಾಯಿಲೆಗಳೆಂದು ಇಬ್ಬರಿಗೂ ಗೊತ್ತಿತ್ತು.

ಆದರೆ ಬಾಯಿಬಿಟ್ಟು ಕೇಳುವ ಧೈರ್ಯ ಅವನಿಗಿರಲಿಲ್ಲ. ಜಾಣನ ಬುದ್ಧಿ ನೋಡಿ, ಮನೆಯಲ್ಲಿ ಕೂತು ಇನ್ನೊಂದು ಬಾಕ್ಸ್ ಮಾಡಿ ಅವಳ ಶೀಟಿಗೆ ಸೇರಿಸಿದ. ಪಟ್ಟಿಯ ಕಟ್ಟಕಡೆಗೆ ಅವಳು ಬರೆದುಕೊಂಡಿದ್ದ ಅವಳದೇ ಹೆಸರನ್ನು ಒತ್ತಿದರೆ ಪ್ರಶ್ನೆ ತೆರೆಯುತ್ತದೆ: 'ನನ್ನನ್ನ ಮದುವೆ ಆಗ್ತೀರಾ?' ಕೆಳಗೆ ಎರಡು ಬಟನ್, 'ಹೂಂ' ಮತ್ತು 'ಬೇಡ'. ಉತ್ತರ ಅವನ ಕಂಪ್ಯೂಟರಿಗೆ ಬರುತ್ತದೆ.

ಮರುದಿನವೇ ಬಂತು: ಬೇಡ.

ಅವನು ಕುಸಿದುಹೋದ. ಆ ಬಾಕ್ಸ್ ಕಿತ್ತುಹಾಕಬೇಕೆಂದರೂ ಅವಳ ಟೇಬಲ್ಲಿಗೆ ಹೋಗಬೇಕಿತ್ತು, ಹೋಗಲಿಲ್ಲ. ಅವಳು ಕರೆದಾಗ ಬೇರೆ ಯಾರನ್ನಾದರೂ ಕಳಿಸಿದ. ಅವಳೂ ಕರೆಯುವುದನ್ನು ಬಿಟ್ಟಳು. ಅವಳ ಚಿಕ್ಕಮ್ಮ ಒಂದು ಸಂಬಂಧ ತಂದರು, ಮದುವೆಯೂ ಆಗಿಹೋಯಿತು.

ಇವತ್ತು ಅವಳ ಕೊನೆಯ ದಿನ, ಗಂಡನ ಊರಿಗೆ ಹೊರಟಿದ್ದಾಳೆ. ಅವಳ ಜಾಗಕ್ಕೆ ಬಂದ ಹುಡುಗಿಗೆ ಮ್ಯಾಕ್ರೋ ತೋರಿಸಿಕೊಡು ಎಂದು ಮ್ಯಾನೇಜರ್ ಹೇಳಿದ್ದರಿಂದ ಅವನು ಬರಲೇಬೇಕಾಯಿತು.

"ಇನ್ನೊಂದು ವಿಷಯ ತಂಗಿ," ಅವಳು ಹುಡುಗಿಗೆ ಹೇಳುತ್ತಿದ್ದಳು, "ಕೊನೇ ಸಾಲಲ್ಲಿ ನನ್ನ ಹೆಸರು ಒತ್ತಬೇಡ. ಏನೂ ಬರಲ್ಲ, ಶೀಟ್ ಮಾತ್ರ ಅಲ್ಲಾಡದೆ ನಿಂತುಬಿಡುತ್ತೆ. ಎಸ್ಕೇಪ್ ಒತ್ತಿದ್ರೆ ಸರಿಹೋಗುತ್ತೆ. ನಾನು ಯಾವಾಗ್ಲೂ ಹಾಗೇ ಮಾಡೋದು."

ಎಸ್ಕೇಪ್ ಒತ್ತಿದರೆ 'ಬೇಡ' ಎಂದು ಲೆಕ್ಕ ಹಿಡಿಯುವಂತೆ ಬರೆದವನು ಅವನೇ. ಅವನ ಪರದೆಯಲ್ಲಿ ಇಡೀ ಪಟ್ಟಿ ಒಂದೇ ಸಲಕ್ಕೆ ಹಿಡಿಸುತ್ತಿತ್ತು. ಅವಳ ದಪ್ಪ ಅಕ್ಷರಗಳಲ್ಲಿ ಕೊನೆಯ ಸಾಲಿಗೆ ಸ್ಕ್ರೋಲ್ ಮಾಡದೆ ದಾರಿಯಿಲ್ಲ. ಹೊಸ ಬಾಕ್ಸಿನಲ್ಲಿ ಝೂಮಿನಿಂದ ಗುಣಿಸಿದ್ದ, ಸ್ಕ್ರೋಲ್ ಕಳೆಯಲು ಮರೆತಿದ್ದ. ಅವನ ಪ್ರಶ್ನೆ ಪರದೆಯ ಅಂಚು ದಾಟಿ ಕೆಳಗೆಲ್ಲೋ ತೆರೆದುಕೊಂಡು, ಉತ್ತರ ಬರುವವರೆಗೆ ಶೀಟನ್ನು ತಡೆದು ನಿಂತಿತ್ತು.

ಹುಡುಗಿ ನೀರಿನ ಬಾಟಲಿ ತುಂಬಿಸಲು ಎದ್ದು ಹೋದಳು.

"ಇದನ್ನ ನನಗ್ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ಲಿ? ನನ್ನ ಕಂಡ್ರೆ ದಾರಿ ಬದಲಾಯಿಸ್ತಿದ್ರಿ."

ಅವನು ಇಡೀ ಪಟ್ಟಿ ಹಿಡಿಸುವಷ್ಟು ಝೂಮ್ ಕುಗ್ಗಿಸಿ ಅವಳ ಹೆಸರು ಒತ್ತಿದ. ಪಕ್ಕದಲ್ಲೇ ಬಾಕ್ಸ್ ತೆರೆಯಿತು. ಅಕ್ಷರ ಸಣ್ಣದು, ಅವಳು ಪರದೆಯ ಹತ್ತಿರಕ್ಕೆ ಬಾಗಿ ಓದಿದಳು. ಓದಿ ಆದ ಮೇಲೂ ಮುಖ ಎತ್ತಲಿಲ್ಲ.

"ಎಸ್ಕೇಪ್ ಒತ್ತಿದ್ರೆ ನನಗೆ 'ಬೇಡ' ಅಂತ ಬರುತ್ತೆ," ಎಂದ ಅವನು.

"ಬಾಯಿ ಇರಲಿಲ್ವೇನ್ರೀ ನಿಮಗೆ?" ಎಂದಳು. "ಎಷ್ಟು ಕಾದಿದ್ದೆ ನಾನು."

ಫೋನ್ ಬಡಿದುಕೊಂಡಿತು. "ಬಂದೆ, ಕೆಳಗೇ ಇರಿ," ಎಂದು ಗಂಡನಿಗೆ ಹೇಳಿ ಇಟ್ಟಳು. ಆಮೇಲೆ ಮೌಸ್ ಹಿಡಿದು, ನಿಧಾನವಾಗಿ, 'ಹೂಂ' ಒತ್ತಿದಳು.

"ತಪ್ಪು ಉತ್ತರ ಉಳೀಬಾರದು," ಎಂದು ಚೀಲ ಎತ್ತಿಕೊಂಡಳು. "ಆ ಬಾಕ್ಸ್ ತೆಗೆದುಬಿಡಿ. ಪಾಪ, ಹುಡುಗಿಗೆ ತೊಂದರೆ."

ಅವಳು ಹೋದ ಮೇಲೆ ಅವನು ಅದೇ ಕುರ್ಚಿಯಲ್ಲಿ ಕೂತು ಬಾಕ್ಸ್ ಅಳಿಸಿದ. ಝೂಮನ್ನು ಮಾತ್ರ ಮತ್ತೆ ಅವಳಿಗೆ ಬೇಕಿದ್ದಷ್ಟು ಹಿಗ್ಗಿಸಿಟ್ಟ.

"ಸರ್, ನನಗಿಷ್ಟು ದೊಡ್ಡದು ಬೇಡ," ಎಂದಳು ವಾಪಸ್ಸು ಬಂದ ಹುಡುಗಿ.

ಅವನು ತಲೆಯಾಡಿಸಿ ಅದನ್ನೂ ಕುಗ್ಗಿಸಿ ಎದ್ದ.