ಬಿಟ್ಟುಹೋದ ಅಂಕಿಗಳು

ಬೆಳಗ್ಗೆ ಏಳೂವರೆಗೆ ಠಾಣೆಗೆ ಬಂದ ದರ್ಜಿ ಹೆಂಗಸಿನ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಸ್ನಾನಕ್ಕೆ ಹೋದ ಗಂಡನನ್ನು ಬಚ್ಚಲುಮನೆಯ ಸಮೇತ ನೆಲ ನುಂಗಿತು ಎಂದು ಆಕೆ ದೂರು ಕೊಟ್ಟಳು. ಹತ್ತು ಗಂಟೆಗೆ ಅಗ್ನಿಶಾಮಕದವರು ಹೆಣ ಎತ್ತಿದರು. ಹಳೆಯ ಗಣಿಯ ಮೇಲೆ ಕೂತ ಊರು ಅದು. ಅಡಿಯಲ್ಲೆಲ್ಲ ಮುಚ್ಚಿದ ಗಣಿಬಾವಿಗಳು. ಅಸಹಜ ಸಾವು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ನೆಲದ ಮೇಲೆ ಎಫ್‌ಐಆರ್ ಹಾಕಲಾಗುತ್ತದೆಯೇ?

ಆದರೆ ಆಕೆ ಒಂದೇ ಪಟ್ಟು ಹಿಡಿದು ಕೂತಳು. ಬಾಡಿಗೆಗೆ ಬರುವ ಮೊದಲು ಗಂಡ ಹೆಂಡತಿ ಗಣಿ ಸುರಕ್ಷತಾ ಕಚೇರಿಯ ನಕ್ಷೆಯನ್ನು ಮೊಬೈಲಿನಲ್ಲಿ ನೋಡಿದ್ದರು. ಅದರಲ್ಲಿ ಹತ್ತಿರದ ಗಣಿಬಾವಿ ಮನೆಯಿಂದ ಐವತ್ತು ಮೀಟರ್ ಆಚೆ, ಖಾಲಿ ಮೈದಾನದಲ್ಲಿತ್ತು.

"ನಾವು ನೋಡ್ಕೊಂಡೇ ಬಂದಿದ್ದು ಸಾರ್. ಯಾರ ತಪ್ಪು ಅಂತ ಹೇಳಿ, ನಂಗಷ್ಟು ಸಾಕು."

ಪಂಚನಾಮೆಯ ಹೊತ್ತಿಗೆ ಇನ್‌ಸ್ಪೆಕ್ಟರ್ ಗುಂಡಿಯ ಅಂಚಿನಲ್ಲಿ ಅದೇ ನಕ್ಷೆ ತೆರೆದರು. ಮಣ್ಣು ಇನ್ನೂ ಉದುರುತ್ತಿತ್ತು. ತಳಕ್ಕೆ ಬಿದ್ದ ಸದ್ದು ಮಾತ್ರ ಮೇಲಕ್ಕೆ ಬರುತ್ತಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಮೊಬೈಲಿಗೆ ಇಣುಕಿ, "ಏನ್ ಸಾರ್ ಇದು, ತೋಟದಲ್ಲಿ ಸಸಿ ನೆಟ್ಟಂಗಿದೆ" ಎಂದ. ಹೌದು, ಬಾವಿಗಳೆಲ್ಲ ನೂರು ಮೀಟರಿನ ಚೌಕಗಳ ಮೂಲೆಗಳಲ್ಲೇ ಸಾಲುಗಟ್ಟಿದ್ದವು. ಅದಿರು ಸಿಕ್ಕಲ್ಲಿ ಅಗೆಯುವವರು ಗೆರೆ ಹಾಕಿಕೊಂಡು ಅಗೆಯುತ್ತಾರೆಯೇ?

ಗಣಿ ಸುರಕ್ಷತಾ ಕಚೇರಿಯಲ್ಲಿ ಆ ನಕ್ಷೆ ಮಾಡಿದ ಆಪರೇಟರ್ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟ. ಹಳೆಯ ಅಕ್ಷಾಂಶ, ರೇಖಾಂಶದ ಅಳತೆ ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿತ್ತು. ಮೊಬೈಲಿಗೆಂದು ಅದನ್ನು ದಶಮಾಂಶಕ್ಕೆ ಬದಲಿಸುವಾಗ ಕಂಪ್ಯೂಟರ್ ಬಿಂದುವಿನ ನಂತರ ಮೂರೇ ಅಂಕಿ ಉಳಿಸಿ ರೌಂಡ್ ಮಾಡಿತ್ತು. ಮೂರನೇ ಅಂಕಿ ಒಂದು ಬದಲಾದರೆ ನೆಲದ ಮೇಲೆ ಸುಮಾರು ನೂರು ಮೀಟರ್. ಹಾಗಾಗಿ ಪ್ರತಿ ಬಾವಿಯೂ ಆ ಕಡೆಗೋ ಈ ಕಡೆಗೋ ಐವತ್ತು ಮೀಟರಿನವರೆಗೂ ಸರಿದಿತ್ತು. ಅದು ಗೊತ್ತಾದದ್ದು ಇವತ್ತೇ ಎಂದ.

ಆ ಮನೆಯಲ್ಲಿ ಮೊದಲು ಯಾರಿದ್ದರು ಎಂದು ಇನ್‌ಸ್ಪೆಕ್ಟರ್ ಸುಮ್ಮನೆ ಕೇಳಿದರು.

"ನಮ್ಮಕ್ಕ ಆ ಮನೆ ಬಿಟ್ಟಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ ಸಾರ್."

ಸಂಬಂಧದ ಮಾತು ಯಾರು ಎತ್ತಿದ್ದರು? ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಿದ್ದ.

ಅಕ್ಕ ಊರಿನ ಆ ತುದಿಯಲ್ಲಿ ಸಿಕ್ಕಳು. ಮೂರು ತಿಂಗಳ ಹಿಂದೆ ತಮ್ಮ ಬಂದು, ನಾಳೆಯೊಳಗೆ ಮನೆ ಖಾಲಿ ಮಾಡು, ಯಾಕೆ ಅಂತ ಕೇಳಬೇಡ ಎಂದಿದ್ದನಂತೆ. ಸ್ವಂತ ಮನೆ ಸುಮ್ಮನೆ ಖಾಲಿ ಬಿದ್ದಿರುವುದೇಕೆಂದು ಅವಳು ಬಾಡಿಗೆಗೆ ಕೊಟ್ಟಿದ್ದಳು.

"ಕಾರಣ ಹೇಳಿದ್ರೆ ಬೀಗ ಹಾಕ್ತಿದ್ದೆ ಸಾರ್, ಇನ್ನೊಬ್ಬರನ್ನ ಕೂರಿಸ್ತಿದ್ನಾ?" ಎಂದು ಹಣೆ ಚಚ್ಚಿಕೊಂಡಳು.

ಎಫ್‌ಐಆರ್ ದಾಖಲಾಯಿತು. ಸಂಜೆ ಐದಕ್ಕೆ ಆಪರೇಟರನನ್ನು ಬಂಧಿಸಿ ತಂದಾಗ ದರ್ಜಿ ಹೆಂಗಸು ಅಲ್ಲೇ ಇದ್ದಳು. ನೋಡಿದವಳೇ ಎದ್ದು ನಿಂತಳು.

"ಇವ್ರು ಹೋದ ತಿಂಗಳು ಮನೆಗೆ ಬಂದಿದ್ರು. ಕುಡಿಯೋಕೆ ನೀರು ಕೇಳಿದ್ರು. ನಮ್ಮ ಯಜಮಾನ್ರು ಹಾಡ್ಕೊಂಡು ಸ್ನಾನ ಮಾಡ್ತಿದ್ರು. ಇವ್ರು ಆ ಬಚ್ಚಲ ಬಾಗಿಲನ್ನೇ ನೋಡ್ತಾ ನೀರು ಕುಡಿದು ಹೊರಟೋದ್ರು."

"ಹೇಳೋಕೇ ಬಂದಿದ್ದೆ," ಎಂದ ಅವನು. "ಒಂದು ಬಾವಿ ತಪ್ಪು ಅಂದ್ರೆ ಇಡೀ ನಕ್ಷೆನೇ ತಪ್ಪು ಅನ್ನಬೇಕಿತ್ತು. ಆಗಲಿಲ್ಲ."

ಆ ನಕ್ಷೆಗಾಗಿಯೇ ಕಚೇರಿ ಅವನಿಗೆ ಸನ್ಮಾನ ಮಾಡಿತ್ತು. ತಪ್ಪು ಕಣ್ಣಿಗೆ ಬಿದ್ದ ದಿನ ಅವನು ಮೊದಲು ಹುಡುಕಿದ್ದು ಅಕ್ಕನ ಮನೆ; ಅವಳನ್ನು ಅಲ್ಲಿಂದ ಎಬ್ಬಿಸಿದ ಮೇಲೆ ಬಾಯಿ ಕಟ್ಟಿಕೊಂಡ. ಯಾರ ಮೇಲೂ ದ್ವೇಷವಿರಲಿಲ್ಲ. ಮರ್ಯಾದೆ ಹೋದೀತೆಂಬ ಹೆದರಿಕೆ, ಅಷ್ಟೇ.

ಬೇರೆ ಯಾವ ಮನೆಗಳಡಿ ಬಾವಿಯಿದೆ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಅವನು ತಡವರಿಸದೆ ಹನ್ನೊಂದು ಮನೆ ಹೇಳಿದ. ಅವನ್ನು ಖಾಲಿ ಮಾಡಿಸಲು ಜೀಪು ಹೊರಟಿತು. ಅಷ್ಟರಲ್ಲಿ ಕಚೇರಿಯವರು ನಕ್ಷೆಯನ್ನು ಅಳಿಸಿದ್ದರು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಲಾಕಪ್ಪಿನಲ್ಲಿ ಅವನು ನೀರು ಕೇಳಿದ. ಹೆಡ್ ಕಾನ್‌ಸ್ಟೇಬಲ್ ಲೋಟ ಕೊಟ್ಟ. ದರ್ಜಿ ಹೆಂಗಸು ಬೆಂಚಿನಿಂದ ಅವನನ್ನೇ ನೋಡುತ್ತಿದ್ದಳು. ಲೋಟ ಬಾಯಿಯವರೆಗೆ ಹೋಯಿತು, ಅವನಿಗೆ ಕುಡಿಯಲಾಗಲಿಲ್ಲ.