ಬಣ್ಣ ಬಿಟ್ಟ ಜಾಕೆಟ್ಟು

ಚರ್ಮದ ವಿಷಯದಲ್ಲಿ ನನಗೆ ಜಂಬ ಜಾಸ್ತಿ. ಅದನ್ನೇನೂ ಮುಚ್ಚಿಡುವುದಿಲ್ಲ. ಲಷ್ಕರ್ ಮೊಹಲ್ಲಾದಲ್ಲಿ ನಮ್ಮಪ್ಪ ಬೆಟ್ಟಯ್ಯನ ಜೀನಿನ ಅಂಗಡಿ ಎಂದರೆ ಟಾಂಗಾದವರಿಂದ ಹಿಡಿದು ಕುದುರೆ ಸವಾರಿಯ ಸಾಹೇಬರವರೆಗೆ ಎಲ್ಲರಿಗೂ ಗೊತ್ತು. ಯುದ್ಧದ ಕಾಲದಲ್ಲಿ ಬೆಂಗಳೂರಿನಿಂದ ಲಾರಿಯಲ್ಲಿ, ವಿಮಾನದವರು ತೊಡುವ ಹರಿದ ಚರ್ಮದ ಫ್ಲೈಯಿಂಗ್ ಜಾಕೆಟ್ಟುಗಳು ರಿಪೇರಿಗೆ ಬರುತ್ತಿದ್ದವು. ಆಗ ನನಗೆ ಹದಿನೈದು. ಎಷ್ಟು ತೋಳು ಹೊಲಿದೆನೋ, ಎಷ್ಟು ಕಾಲರ್ ಕೂರಿಸಿದೆನೋ, ಲೆಕ್ಕವಿಲ್ಲ.

ಈಗ ೧೯೫೩. ಅಪ್ಪನ ಕಣ್ಣು ಮಬ್ಬಾಗಿ ಎರಡು ವರ್ಷ, ಊರಿಗೆ ಮಾತ್ರ ಗೊತ್ತಿಲ್ಲ. ಬಂದ ಮಾಲನ್ನು ಮಗಳಾದ ನಾನು ನೋಡುತ್ತೇನೆ. ಅಸಲಿಯಾದರೆ ಅಪ್ಪನ ಭುಜವನ್ನು ಒಂದು ಸಲ ಮುಟ್ಟುತ್ತೇನೆ, ನಕಲಿಯಾದರೆ ಎರಡು ಸಲ. ಅಪ್ಪ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳುತ್ತಾನೆ.

ಈ ಸಲದ ದಸರೆಗೆ ನಿವೃತ್ತ ಸುಬೇದಾರ್ ಏಕಾಂತಯ್ಯನವರು ವಸ್ತುಪ್ರದರ್ಶನದಲ್ಲಿ ಮಾಜಿ ಸೈನಿಕರ ಮಳಿಗೆ ಹಾಕುವವರಿದ್ದರು. ಯುದ್ಧದಲ್ಲಿ ಹಾರಿದವರ ಜಾಕೆಟ್ಟು, ಪಕ್ಕದಲ್ಲಿ ಅವರ ಹೆಸರು. ಬಜಾರಿನಲ್ಲಿ ನಕಲಿ ಜಾಕೆಟ್ಟು ತುಂಬಿಹೋಗಿದ್ದರಿಂದ, ಬೆಟ್ಟಯ್ಯ ಸೈ ಅಂದದ್ದನ್ನು ಮಾತ್ರ ಇಡುವುದು ಎಂದು ತೀರ್ಮಾನವಾಗಿತ್ತು.

ಒಂಬತ್ತು ನೋಡಿ ಮುಗಿಸಿದ್ದೆ. ಹತ್ತನೆಯದನ್ನು ಮಹದೇವು ತಂದರು. ಮೋಟಾರ್ ಗ್ಯಾರೇಜಿನ ಮೆಕ್ಯಾನಿಕ್, ಎತ್ತರದ ಆಳು. ಬರ್ಮಾ ಗಡಿಯಲ್ಲಿ ವಿಮಾನದ ಹಿಂಬದಿಯಲ್ಲಿ ಕೂತು ಗನ್ನು ಹಿಡಿದವರಂತೆ. ಜಾಕೆಟ್ಟನ್ನು ನನ್ನ ಮುಂದೆ ಹಾಸಿ ನಿಂತರು.

ಅಸಲಿ ಜಾಕೆಟ್ಟಿನಲ್ಲಿ ಬಣ್ಣ ಚರ್ಮದ ಮೇಲೆ ಕೂತಿರುತ್ತದೆ, ಒಳಗೆ ಇಳಿದಿರುವುದಿಲ್ಲ. ಮೊಣಕೈ ಮಡಿಕೆಯಲ್ಲಿ, ಹೊಲಿಗೆಯ ಅಂಚಿನಲ್ಲಿ ಸವೆದು ಕೆಳಗಿನ ತಿಳಿ ಚರ್ಮ ಇಣುಕುತ್ತದೆ. ನಕಲಿ ಮಾಡುವವರು ಆಡಿನ ಚರ್ಮಕ್ಕೆ ಬೂಟ್ ಪಾಲಿಶ್ ತಿಕ್ಕಿ ಸಾಗಹಾಕುತ್ತಾರೆ. ಒದ್ದೆ ಹೆಬ್ಬೆರಳಿಂದ ಉಜ್ಜಿದರೆ ಪಾಲಿಶ್ ಬೆರಳಿಗೆ ಹತ್ತುತ್ತದೆ. ಅಷ್ಟಕ್ಕೇ ಬಿಡದೆ ಕಾಲರ್ ಮಗುಚಿ, ಕೈ ಆಡದ ಜಾಗವನ್ನೂ ನೋಡಬೇಕು.

ನಾನು ಉಜ್ಜಿದೆ. ಬೆರಳು ಕಂದಾಯಿತು. ತಲೆ ಎತ್ತಿದರೆ ಅವರು ಜಾಕೆಟ್ಟನ್ನು ನೋಡುತ್ತಿರಲಿಲ್ಲ, ಅಪ್ಪನನ್ನೂ ನೋಡುತ್ತಿರಲಿಲ್ಲ. ನನ್ನ ಕೈ, ಆಮೇಲೆ ನನ್ನ ಮುಖ, ಮತ್ತೆ ಕೈ. ನನ್ನ ಕಿವಿ ಬಿಸಿಯಾಯಿತು. ಅವರು ಬೇಗ ಹೊರಟರೆ ಸಾಕು ಅನ್ನಿಸಿ ಅಪ್ಪನ ಭುಜವನ್ನು ಎರಡು ಸಲ ಮುಟ್ಟಿದೆ.

"ನಕಲಿ ಕಣಪ್ಪ," ಅಂದ ಅಪ್ಪ.

"ಹೇಳಿದ್ದು ನೀವು ಯಜಮಾನ್ರೇ, ನೋಡಿದ್ದು ಇವರು," ಅಂದರು ಮಹದೇವು. ಆಮೇಲೆ ನನ್ನ ಕಡೆ ತಿರುಗಿದರು. "ನೀವೇ ಹೇಳಿ."

ಎರಡು ವರ್ಷದಲ್ಲಿ ಯಾರೂ ಹಿಡಿಯದ ಗುಟ್ಟನ್ನು ಈ ಮನುಷ್ಯ ಎರಡು ನಿಮಿಷದಲ್ಲಿ ಹಿಡಿದಿದ್ದರು. ನನಗೆ ಸಿಟ್ಟು ಬಂತು.

"ಬಣ್ಣ ಬಿಡ್ತಾ ಇದೆ," ಅಂದೆ.

"ಸರಿ." ಅವರು ವಾದ ಮಾಡಲಿಲ್ಲ. ಜಾಕೆಟ್ಟನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಸಂಜೆ ಪಟ್ಟಿ ಒಯ್ಯಲು ಬಂದ ಏಕಾಂತಯ್ಯನವರು ಮಹದೇವು ಹೆಸರಿನ ಮೇಲೆ ಗೀಟು ಎಳೆದರು. "ಹಾರಿದ್ದೆ, ಹಾರಿದ್ದೆ ಅಂತಿದ್ದ. ಮೆಸ್ಸಲ್ಲಿ ಅನ್ನ ಬೇಯಿಸ್ತಿದ್ನೋ ಏನೋ. ಇನ್ಮೇಲೆ ಅವನ ಮಾತು ಯಾರು ನಂಬ್ತಾರೆ?"

ಆ ಮಾತು ನನ್ನನ್ನು ಕೂರಗೊಡಲಿಲ್ಲ. ಅವರು ಹೋದ ಮೇಲೆ ಜಾಕೆಟ್ಟನ್ನು ಬಾಗಿಲ ಬೆಳಕಿಗೆ ತಂದು ಕಾಲರ್ ಮಗುಚಿದೆ. ಹೊಲಿಗೆಯ ಸಂದಿನಲ್ಲಿ ಅರಿಶಿನವಿತ್ತು. ಜಾಕೆಟ್ಟಿಗೆ ಅರಿಶಿನ ಹಚ್ಚಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಮಹದೇವು ತಾವೇ ಬಂದರು. "ಅವ್ವ ಜಾಕೆಟ್ ಎಲ್ಲಿ ಅಂತ ಒಂದೇ ಸಮ ಕೇಳ್ತಾಳೆ. ನಕಲಿ ಆದ್ರೂ ಸರಿ, ಕೊಡಿ."

"ಇದಕ್ಕೆ ಅರಿಶಿನ ಹಚ್ಚಿದ್ದು ಯಾರು?"

"ಅವ್ವನೇ. ಪ್ರತಿ ಆಯುಧಪೂಜೆಗೂ ಪಾಲಿಶ್ ತಿಕ್ಕಿ, ಅರಿಶಿನ ಕುಂಕುಮ ಇಟ್ಟು, ಹೂವು ಹಾಕ್ತಾಳೆ. ಏಳು ವರ್ಷದಿಂದ." ಅವರ ದನಿ ಮೆತ್ತಗಾಯಿತು. "ಗನ್ನು ಸರ್ಕಾರದ್ದು, ವಾಪಸ್ ಕೊಟ್ಬುಟ್ಟೆ. ಅವಳಿಗೆ ಉಳಿದಿರೋ ಆಯುಧ ಇದೊಂದೇ."

"ನಿನ್ನೆ ಯಾಕ್ರೀ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ ಕಣ್ರೀ."

ನಾನು ಬಟ್ಟೆಗೆ ಟರ್ಪೆಂಟೈನ್ ಹಚ್ಚಿ ಮೊಣಕೈ ಒರೆಸಿದೆ. ಏಳು ವರ್ಷದ ಪಾಲಿಶ್ ಬಿಟ್ಟುಕೊಂಡು ಬಂತು. ಅಡಿಯಲ್ಲಿ ಹಳೆಯ ಕಂದು ಬಣ್ಣ ಗಟ್ಟಿಯಾಗಿ ಕೂತಿತ್ತು, ಮಡಿಕೆಗಳಲ್ಲಿ ಸಣ್ಣಗೆ ಬಿರಿದು ತಿಳಿ ಚರ್ಮ ಕಾಣುತ್ತಿತ್ತು. ಒದ್ದೆ ಬೆರಳಿಂದ ಉಜ್ಜಿದೆ. ಬೆರಳಿಗೆ ಏನೂ ಹತ್ತಲಿಲ್ಲ. ಅಷ್ಟು ಚೆಂದದ ಫಿನಿಶ್ ಉಳಿದ ಒಂಬತ್ತರಲ್ಲಿ ಒಂದಕ್ಕೂ ಇರಲಿಲ್ಲ.

"ಅಸಲಿ," ಅಂದೆ.

ಅವರು ನಕ್ಕರು. "ನಿಮಗೆ ಗೊತ್ತಾಯ್ತಲ್ಲ, ನನಗಷ್ಟೇ ಸಾಕು."

"ನನಗೆ ಸಾಲದು. ಹತ್ತು ಜನರ ಬಾಯಿಗೆ ನಿಮ್ಮ ಹೆಸರು ಹಾಕಿದವಳು ನಾನು."

ಆದರೆ ಅದನ್ನು ಸರಿಮಾಡಬೇಕಾದರೆ ತೀರ್ಪು ಯಾರದೆಂದು ಹೇಳಬೇಕು. ಹೇಳಿದರೆ ಅಪ್ಪನ ಹೆಸರು ಹೋಗುತ್ತದೆ. ನಾನು ಅಪ್ಪನ ಕಡೆ ನೋಡಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ನನ್ನ ಹೆಸರು ಸಾಕಷ್ಟು ದುಡಿದಿದೆ ಕಣಮ್ಮ ಇಂದ್ರ," ಅಂದ. "ಇನ್ಮೇಲೆ ನಿನ್ನದು ದುಡೀಲಿ. ಹೋಗು."

ಪ್ರದರ್ಶನದ ಮೈದಾನದಲ್ಲಿ ಮಳಿಗೆಗೆ ಬಟ್ಟೆ ಕಟ್ಟುತ್ತಿದ್ದರು. ಮಾಜಿ ಸೈನಿಕರೆಲ್ಲ ಇದ್ದರು, ಮಹದೇವು ನನ್ನ ಹಿಂದೆಯೇ ಬಂದಿದ್ದರು. ನಾನು ಜಾಕೆಟ್ಟನ್ನು ಮೇಜಿನ ಮೇಲೆ ಹರಡಿದೆ.

"ಇದು ಅಸಲಿ ಸಾರ್. ನಿನ್ನೆ ತಪ್ಪಾಗಿದ್ದು ನನ್ನಿಂದ. ಅಪ್ಪನಿಗೆ ಎರಡು ವರ್ಷದಿಂದ ಕಣ್ಣು ಸರಿಯಾಗಿ ಕಾಣಲ್ಲ. ನೋಡೋದೆಲ್ಲ ನಾನೇ."

ಏಕಾಂತಯ್ಯನವರ ಮೀಸೆ ಅದುರಿತು. "ಉಳಿದ ಒಂಬತ್ತು?"

"ಅವೂ ನಾನೇ ನೋಡಿದ್ದು. ಅನುಮಾನ ಇದ್ರೆ ಮದ್ರಾಸಿಗೆ ಕಳ್ಸಿ, ಬೇರೆಯವರ ಕೈಲಿ ತೋರ್ಸಿ. ಒಂದೂ ಆಚೀಚೆ ಆಗಲ್ಲ."

ಅವರು ಮೊಣಕೈಯನ್ನೂ ಕಾಲರನ್ನೂ ತಾವೇ ಉಜ್ಜಿ ನೋಡಿದರು. ಆಮೇಲೆ ಗೀಟು ಎಳೆದ ಹೆಸರನ್ನು ಎಲ್ಲರ ಎದುರು, ಮಳಿಗೆಯಲ್ಲಿ ತೂಗುಹಾಕುವ ರಟ್ಟಿನ ಮೇಲೆ ಹೊಸದಾಗಿ ಬರೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿ ರಟ್ಟನ್ನು ನನ್ನ ಕಡೆ ತಿರುಗಿಸಿದರು. ಪರೀಕ್ಷಿಸಿದವರು: ಬಿ. ಇಂದ್ರಮ್ಮ, ಲಷ್ಕರ್ ಮೊಹಲ್ಲಾ. ನನ್ನ ಹೆಸರು ಅಚ್ಚುಕಟ್ಟಾದ ಅಕ್ಷರದಲ್ಲಿ ಹತ್ತು ಜನ ನೋಡುವ ಕಡೆ ನಿಂತದ್ದು ಅದೇ ಮೊದಲು. ನಾನು ಮೂರು ಸಲ ಓದಿದೆ.

ಹಿಂದಿರುಗುವಾಗ ಮಹದೇವು ಸೈಕಲ್ ತಳ್ಳಿಕೊಂಡು ಜೊತೆಗೆ ಬಂದರು.

"ಒಂದು ಮಾತು. ಕಾಲರ್ ಮಗುಚೋದನ್ನ ನಿನ್ನೆ ಯಾಕೆ ಮರೆತ್ರಿ?"

"ಮರೆತೆ, ಅಷ್ಟೇ."

"ಬಂದವರೆಲ್ಲರದ್ದೂ ಮಗುಚಿದ್ರಂತೆ. ನನ್ನದೊಂದೇ ಬಿಟ್ಬುಟ್ರಾ?"

ಸುಳ್ಳು ಹೇಳಬಹುದಿತ್ತು. "ನೀವು ನೋಡ್ತಾ ಇದ್ರಿ," ಅಂದೆ.

ಸೈಕಲ್ ನಿಂತಿತು. ಇಷ್ಟು ದೊಡ್ಡ ಆಳು ಅಷ್ಟೊಂದು ನಾಚುವುದನ್ನು ನಾನು ಕಂಡಿರಲಿಲ್ಲ.

"ದಿನಾ ಬಂದು ನೋಡ್ತೀನಿ ಅಂದ್ರೆ?"

"ನಮ್ಮನೇಲಿ ಇಪ್ಪತ್ನಾಲ್ಕು ಗಂಟೆ ಚರ್ಮದ ವಾಸನೆ ಇರುತ್ತೆ. ನಾವು ಯಾರು ಅಂತ ನಿಮಗೆ ಗೊತ್ತು. ನಿಮ್ಮದು ಒಕ್ಕಲುತನದ ಮನೆ. ನಿಮ್ಮವ್ವ ಏನಂತಾರೆ ಕೇಳಿದ್ದೀರಾ?"

"ಆ ವಾಸನೆ ತೊಟ್ಕೊಂಡೇ ನಾನು ಜೀವ ಉಳಿಸ್ಕೊಂಡು ಬಂದಿದ್ದು," ಅಂದರು. "ಅವ್ವನ್ನ ಇವತ್ತೇ ಕೇಳ್ತೀನಿ."

ಆ ದಿನವೆಲ್ಲ ನಾನು ನೆಟ್ಟಗೆ ಒಂದು ಹೊಲಿಗೆ ಹಾಕಲಿಲ್ಲ. ಬರುವುದಿಲ್ಲ ಅಂದುಕೊಂಡೆ. ಬರದಿದ್ದರೆ ನಾನೇನೂ ಹೋಗಿ ಬೇಡುವವಳಲ್ಲ ಅಂತಲೂ ಅಂದುಕೊಂಡೆ, ಆದರೂ ಕಣ್ಣು ಬೀದಿಯಲ್ಲೇ ಇತ್ತು.

ಮರುದಿನ ಬಿಸಿಲೇರುವ ಹೊತ್ತಿಗೆ ಮಹದೇವು ಅವರ ಅವ್ವ ದೇವಿರಮ್ಮ ಒಬ್ಬರೇ ನಡೆದು ಬಂದರು. ಚಪ್ಪಲಿ ಬಿಟ್ಟು, ನಮ್ಮ ಹೊಸ್ತಿಲು ದಾಟಿ, ತೊಗಲಿನ ತುಂಡುಗಳನ್ನು ಸರಿಸಿಕೊಂಡು ನನ್ನ ಪಕ್ಕದಲ್ಲೇ ಕೂತರು. ಎದುರಂಗಡಿಯವರು ಇಣುಕಿ ನೋಡಿದರು. ದೇವಿರಮ್ಮ ತಿರುಗಿಯೂ ನೋಡಲಿಲ್ಲ.

"ನಾನು ಪಾಲಿಶ್ ಆಕಿ ಆಕಿ ಮಗನ ಮಾನ ಕಳೀತಿದ್ದೆ ಕಣವ್ವ. ನೀನು ಉಳಿಸ್ದೆ," ಅಂದರು. "ಎಂಗೆ ನೋಡ್ಕೋಬೇಕೋ ಅದನ್ನ, ನಮ್ಮನೆಗೆ ಬಂದು ನೀನೇ ನೋಡ್ಕೋ. ಜಾಕೆಟ್ಟನ್ನೂ, ನನ್ನ ಮಗನ್ನೂ."

ಅಪ್ಪ ಮುಖ ಆಚೆ ತಿರುಗಿಸಿಕೊಂಡ.

ಅವರು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಒಳಗಿನ ಮಡಕೆಯ ಕಡೆ ನೋಡಿದರು. ಒಕ್ಕಲುತನದ ಮನೆಯವರು ಯಾರೂ ನಮ್ಮಲ್ಲಿ ಅದುವರೆಗೆ ಕೇಳದಿದ್ದ ಮಾತನ್ನು, ದಿನವೂ ಕೇಳುವವರಂತೆ ಕೇಳಿದರು.

"ಬಿಸಿಲಲ್ಲಿ ಬಂದಿದ್ದೀನಿ ಮಗ. ಒಂದು ಚೊಂಬು ನೀರು ಕೊಡು."